ಪೆಟ್ಟಿಗಿ ಮ್ಯಾಲಿನ ಬಾಂಬ್ ಚಿತ್ರ ಯಾರಿಗೆ ಹಾಕಿದ್ದು?

1/8

ಹೋದ ವಾರ ಪಿಯುಸಿ ದೋಸ್ತ್ ಒಬ್ಬ ವಾಟ್ಸಾಪ್‌ನಾಗ ಫೋಟೋ ಕಳಿಸಿದ. ಅವನು ಓದು ಬಿಟ್ಟು ಈಗ ಲಾರಿ ಮ್ಯಾಲೆ ಕ್ಲೀನರ್. ಗೋದಾಮಿನಾಗ ಮಾಲು ತುಂಬುವಾಗ ತೆಗೆದ ಫೋಟೋ ಅದು. ಒಂದು ರಟ್ಟಿನ ಪೆಟ್ಟಿಗೆ, ಅದರ ಮೇಲೆ ಕಿತ್ತಳೆ ಬಣ್ಣದ ಚೀಟಿ. ಗಾಳಿಪಟದ ಹಂಗ ಮೂಲೆ ಮೇಲೆ ನಿಂತ ಚೌಕ. ಒಳಗೆ ದಪ್ಪಗೆ 1.4 ಅಂತ ಬರೆದಿದೆ, ಕೆಳಗೆ ಇಂಗ್ಲಿಷ್‌ನ ಎಸ್ ಅಕ್ಷರ.

ಅದರ ಕೆಳಗೆ ಅವನ ಮೆಸೇಜ್: "ಲೇ, ಇದು ಬಂದೂಕಿನ ಗುಂಡು ಅಂತ. ಎತ್ತಬೇಕೋ ಬ್ಯಾಡೋ? ಗಾಡಿಗೆ ಏನರ ಬೋರ್ಡ್ ಹಾಕಬೇಕೇನು?"

ನನಗೆ ಗೊತ್ತಿರಲಿಲ್ಲ. ಬಿಕಾಂ ಎರಡು ವರ್ಷ ಓದೀನಿ. ಇನ್‌ವಾಯ್ಸ್ ಹೆಂಗ ಬರೀಬೇಕು, ಜಿಎಸ್‌ಟಿ ಹೆಂಗ ಲೆಕ್ಕ ಹಾಕಬೇಕು, ಕಳಿಸೋನು ಯಾರು, ಪಡೆಯೋನು ಯಾರು, ಎಲ್ಲಾ ಗೊತ್ತು. ಆ ಚೀಟಿ ಏನು ಹೇಳ್ತದ ಅಂತ ಮಾತ್ರ ಗೊತ್ತಿಲ್ಲ. "ನೋಡಿ ಹೇಳ್ತೀನಿ ತಡಿ" ಅಂದೆ. ನಾನು ನೋಡಿ ಮುಗಿಸೋದ್ರಾಗ ಅವನು ಪೆಟ್ಟಿಗೆ ಎತ್ತಿ, ಗಾಡಿಗೆ ಹಾಕಿ, ತಾಡಪಾಲ ಬಿಗಿದು ಹೊರಟಾಗಿತ್ತು.

ಏನೂ ಆಗಲಿಲ್ಲ, ಸುರಕ್ಷಿತ ಅದಾನ. ಆದ್ರೆ ಅವನಿಗೂ ಓದೋಕೆ ಬರದ, ನನಗೂ ಓದೋಕೆ ಬರದ ಚೀಟಿಯನ್ನ ಆ ಪೆಟ್ಟಿಗೆ ಮೇಲೆ ಯಾರಿಗೋಸ್ಕರ ಅಂಟಿಸಿದ್ರು? ಈ ಸಲದ ಸೀರೀಸ್ ಇದೇ ಪ್ರಶ್ನೆ ಮೇಲೆ. ಉದ್ದ ಐತಿ, ಆದ್ರೂ ಓದ್ರಿ. ನಮ್ಮ ಬ್ಯಾಚ್‌ನ ಎಷ್ಟು ಹುಡುಗರು ಲಾರಿ, ಕ್ರಷರ್, ಗೋದಾಮು ಅಂತ ಕೆಲಸಕ್ಕೆ ಹೋಗ್ತಾರ ಅಂತ ನಿಮಗೇ ಗೊತ್ತು.

2/8

ಮೊದಲು ಚೀಟಿ ಓದೋದು ಕಲಿಯೋಣ. ಎರಡು ನಿಮಿಷದ ಕೆಲಸ.

ಅಪಾಯಕಾರಿ ಸರಕನ್ನ ಜಗತ್ತಿನಾಗ 9 ವರ್ಗ ಮಾಡ್ಯಾರ. ಇದು ವಿಶ್ವಸಂಸ್ಥೆಯ ಪಟ್ಟಿ, ಬಹುತೇಕ ದೇಶಗಳು ಇದನ್ನೇ ಇಟ್ಕೊಂಡಾವ, ನಾವೂ ಸಹ. ವರ್ಗ 1 ಅಂದ್ರೆ ಸ್ಫೋಟಕ. ಬಣ್ಣ ಕಿತ್ತಳೆ. ವರ್ಗ 2 ಗ್ಯಾಸ್. ವರ್ಗ 3 ಪೆಟ್ರೋಲ್‌ನಂಥ ಉರಿಯೋ ದ್ರವ.

ವರ್ಗ 1ರ ಒಳಗೆ ಮತ್ತೆ 6 ಭಾಗ:

1.1: ಇಡೀ ಲೋಡ್ ಒಂದೇ ಏಟಿಗೆ ಸಿಡಿಯೋದು.
1.2: ಚೂರುಗಳು ದೂರ ಹಾರೋದು, ಆದ್ರೆ ಎಲ್ಲಾ ಒಮ್ಮೆಲೇ ಸಿಡಿಯಲ್ಲ.
1.3: ಮುಖ್ಯವಾಗಿ ದೊಡ್ಡ ಬೆಂಕಿ.
1.4: ಸಣ್ಣ ಅಪಾಯ, ಹೆಚ್ಚಾಗಿ ಪೆಟ್ಟಿಗೆಯ ಆಸುಪಾಸಿನಾಗೇ ಉಳಿಯೋದು.
1.5: ಸುಲಭಕ್ಕೆ ಸಿಡಿಯಲ್ಲ, ಸಿಡಿದ್ರೆ ಪೂರ್ತಿ ಸಿಡಿಯೋದು.
1.6: ಇನ್ನೂ ಮಂದ, ಅಪರೂಪದ್ದು.

1.1, 1.2, 1.3ರ ಚೀಟಿ ಮೇಲೆ ಸಿಡಿಯೋ ಬಾಂಬಿನ ಕಪ್ಪು ಚಿತ್ರ ಇರ್ತದ. 1.4, 1.5, 1.6ರ ಚೀಟಿಯಲ್ಲಿ ಚಿತ್ರ ಇರಲ್ಲ, ಆ ಜಾಗದಾಗ ದೊಡ್ಡ ಅಂಕಿ ಮಾತ್ರ ಇರ್ತದ. ದೋಸ್ತನ ಫೋಟೋದಾಗ ಬಾಂಬ್ ಇರಲಿಲ್ಲ, 1.4 ಇತ್ತು.

ಅಂಕಿಯ ಜೊತೆಗಿನ ಅಕ್ಷರ ಯಾವುದರ ಜೊತೆ ಯಾವುದನ್ನ ಇಡಬಹುದು ಅಂತ ಹೇಳ್ತದ. ಬಂಡೆ ಒಡೆಯೋ ಜಿಲೆಟಿನ್ ತರದ ಮದ್ದಿಗೆ ಡಿ. ಅದಕ್ಕೆ ಕಿಡಿ ಕೊಡೋ ಡಿಟೋನೇಟರ್‌ಗೆ ಬಿ. ನಮ್ಮ ಕಡೆ ಕೇಪು ಅಂತಾರಲ್ಲ, ಅದೇ. ಡಿ ಮತ್ತು ಬಿ ಬೆರೆಸಿ ಒಯ್ಯಬಾರದು. ಬೆಂಕಿಕಡ್ಡಿಯನ್ನೂ ಹುಲ್ಲಿನ ಬಣವೆಯನ್ನೂ ಒಂದೇ ಕಡೆ ಇಡಲ್ಲ ಅಲ್ಲೇನು, ಹಂಗ.

ಇನ್ನು ಎಸ್. ಆಕಸ್ಮಾತ್ ಒಂದು ಸಿಡಿದ್ರೂ ಪರಿಣಾಮ ಪೆಟ್ಟಿಗೆಯೊಳಗೇ ಮುಗೀತದ. ಬೆಂಕಿ ಬಿದ್ದು ಪೆಟ್ಟಿಗೆಯೇ ಸುಟ್ಟರೂ, ಹತ್ತಿರ ಬಂದು ಆರಿಸೋಕೆ ದೊಡ್ಡ ಅಡ್ಡಿ ಆಗಲ್ಲ ಅಂತ ಅರ್ಥ. ಇಡೀ ವರ್ಗ 1ರಾಗ ಇದೇ ಅತಿ ಕಡಿಮೆ ಅಪಾಯದ ಗುಂಪು.

3/8

"ಬಂದೂಕಿನ ಗುಂಡು ಕಡಿಮೆ ಅಪಾಯನಾ? ತಲೆ ಸರಿ ಐತೇನು?" ಅಂತ ಕಾಮೆಂಟ್ ಹಾಕೋಕೆ ಮುಂಚೆ ಇದನ್ನ ಓದ್ರಿ.

ಗುಂಡು ಕೊಲ್ಲೋದು ಬಂದೂಕಿನ ನಳಿಗೆಯಿಂದ. ನಳಿಗೆಯೊಳಗೆ ಮದ್ದು ಉರಿದಾಗ ಗಾಳಿಗೆ ಬೇರೆ ದಾರಿ ಇರಲ್ಲ, ಒತ್ತಡವೆಲ್ಲ ಗುಂಡಿನ ಬೆನ್ನಿಗೆ ಬೀಳ್ತದ. ಪೆಟ್ಟಿಗೆಯೊಳಗಿನ ಕಾಡತೂಸಿಗೆ ನಳಿಗೆ ಇಲ್ಲ. ಬೆಂಕಿ ಬಿದ್ರೆ ಒಂದೊಂದೇ ಪಟ್ ಪಟ್ ಅಂತ ಸಿಡೀತದ, ಹಿತ್ತಾಳೆ ಕವಚ ಹರಿದು ಚೂರು ಹಾರ್ತದ. ಹತ್ತಿರ ಇದ್ರೆ ಗಾಯ ಆಗ್ತದ, ಕಣ್ಣಿಗೆ ಬಿದ್ರೆ ಕಣ್ಣು ಹೋಗ್ತದ. ಆದ್ರೆ ಇಡೀ ಲಾರಿ ಒಂದೇ ಏಟಿಗೆ ಹಾರಿ ಹೋಗಲ್ಲ.

ಅದಕ್ಕೇ ಹೊರದೇಶಗಳು ಇದಕ್ಕೆ ಸಡಿಲಿಕೆ ಕೊಟ್ಟಾವ. ಅಮೆರಿಕದ ನಿಯಮ ನೋಡ್ರಿ: 1.1, 1.2, 1.3ರ ಸರಕು ಎಷ್ಟೇ ಇರಲಿ, ಒಂದೇ ಪೆಟ್ಟಿಗೆ ಇರಲಿ, ಗಾಡಿಯ ನಾಲ್ಕೂ ಕಡೆ ಫಲಕ ಬೇಕೇ ಬೇಕು. 1.4ಕ್ಕೆ ಒಟ್ಟು ತೂಕ 1,001 ಪೌಂಡ್, ಅಂದ್ರೆ 454 ಕೆ.ಜಿ. ಮುಟ್ಟಿದ ಮೇಲೆ ಬೇಕು. ಸಣ್ಣ ಬಂದೂಕಿನ ಕಾಡತೂಸನ್ನ ಮಿತ ಪ್ರಮಾಣದ ಪ್ಯಾಕಿಂಗ್ ನಿಯಮದಂತೆ ಕಟ್ಟಿದ್ರೆ ಫಲಕವೇ ಬೇಡ. ಯುರೋಪಿನ ರಸ್ತೆ ನಿಯಮದಾಗೂ 1.4 ಎಸ್ ಅತ್ಯಂತ ಸಡಿಲ ಗುಂಪಿನಾಗ ಬರ್ತದ.

ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು. ಗುಂಡಿನ ಲೋಡಿಗೆ ಬೋರ್ಡ್ ಬೇಡವಾ ಅಂತ. ಈಗ ಅನಿಸ್ತದ, ಅವರು ಮಾಡಿದ್ದು ಸರಿ. ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ ಬೋರ್ಡ್ ಹಾಕಿದ್ರೆ ಜನ ಬೋರ್ಡ್ ನೋಡೋದನ್ನೇ ಬಿಡ್ತಾರ. ದಿನಾ ಸೈರನ್ ಹಾಕ್ಕೊಂಡು ಓಡಾಡೋ ಗಾಡಿಗೆ ಯಾರು ದಾರಿ ಬಿಡ್ತಾರ?

ಅಪಾಯದ ಅಳತೆ ಎಷ್ಟು ಬೇರೆ ಅಂತ ನೋಡ್ರಿ. ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ಕಡೆ ಅಗ್ನಿಶಾಮಕ ಸಿಬ್ಬಂದಿ ಒಂದೇ ತುರ್ತು ಕೈಪಿಡಿ ಬಳಸ್ತಾರ. 1.4 ಎಸ್ ಪೆಟ್ಟಿಗೆ ಇದ್ರೆ ಸುತ್ತ 15 ಮೀಟರ್ ಜಾಗ ಖಾಲಿ ಮಾಡಿಸಿ, ಎಚ್ಚರಿಕೆಯಿಂದ ಬೆಂಕಿ ಆರಿಸಬಹುದು ಅಂತದ ಅದು. 1.1ರ ಲೋಡಿಗೆ ಬೆಂಕಿ ಹತ್ತಿದ್ರೆ? ಆರಿಸೋ ಗೋಜಿಗೇ ಹೋಗಬೇಡ, 1,600 ಮೀಟರ್ ದೂರ ಎಲ್ಲರನ್ನೂ ಕಳಿಸು ಅಂತದ. 15 ಮೀಟರ್ ಅಂದ್ರೆ ಹೋಟೆಲ್‌ನಿಂದ ರಸ್ತೆಯ ಆಚೆ ಬದಿ. 1,600 ಮೀಟರ್ ಅಂದ್ರೆ ನಮ್ಮೂರ ಬಸ್ ಸ್ಟ್ಯಾಂಡಿನಿಂದ ಓಡಿ ಓಡಿ ಗದ್ದೆ ಬಯಲಿಗೆ ಹೋಗಿ ನಿಲ್ಲಬೇಕು.

ಈ ಎರಡರ ನಡುವೆ ವ್ಯತ್ಯಾಸ ಹೇಳೋದು ಆ ಚೀಟಿ ಒಂದೇ. ದೂರದಿಂದ ಎರಡೂ ಕಿತ್ತಳೆ ಬಣ್ಣವೇ.

4/8

ಈಗ ನಮ್ಮ ರಾಜ್ಯಕ್ಕೆ ಬರೋಣ.

2021ರ ಜನವರಿ 21. ಶಿವಮೊಗ್ಗ ಹತ್ತಿರದ ಹುಣಸೋಡು. ರಾತ್ರಿ ಹತ್ತು ಗಂಟೆ ಮೇಲೆ ಕಲ್ಲು ಕ್ರಷರ್ ಬಳಿ ಲಾರಿಯಲ್ಲಿದ್ದ ಜಿಲೆಟಿನ್ ಸಿಡೀತು. ಶಿವಮೊಗ್ಗ ಅಷ್ಟೇ ಅಲ್ಲ, ಪಕ್ಕದ ಜಿಲ್ಲೆಗಳ ಜನರಿಗೂ ಸದ್ದು ಕೇಳಿಸ್ತು. ಭೂಕಂಪ ಅಂತ ಮನೆಯಿಂದ ಹೊರಗೆ ಓಡಿ ಬಂದ್ರು. ಕನಿಷ್ಠ ಐದು ಜನ ಸತ್ತರು. ಗುರುತು ಹಿಡಿಯೋದೇ ಕಷ್ಟ ಆಗಿತ್ತು.

ಒಂದು ತಿಂಗಳು ಆಗಿರಲಿಲ್ಲವೋ ಆಗಿತ್ತೋ ಅನ್ನುವಷ್ಟರಲ್ಲಿ, ಫೆಬ್ರವರಿ 23ರ ನಡುರಾತ್ರಿ, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ. ಕಲ್ಲು ಕ್ವಾರಿಗೆ ಸೇರಿದ, ಅಕ್ರಮವಾಗಿ ಇಟ್ಟಿದ್ದ ಜಿಲೆಟಿನ್ ಸಾಗಿಸಿ ವಿಲೇವಾರಿ ಮಾಡೋಕೆ ಹೋದಾಗ ಸಿಡೀತು ಅಂತ ಆಗ ವರದಿಯಾಯ್ತು. ಆರು ಜನ ಹೋದರು.

ಆಗ ನಾವು ಹೈಸ್ಕೂಲ್‌ನಾಗಿದ್ವಿ. ಟಿವಿಯಾಗ ನೋಡಿ "ಅಬ್ಬಾ" ಅಂದು ಚಾನಲ್ ಬದಲಿಸಿದ್ವಿ. ಈಗ ಆ ಸುದ್ದಿಗಳನ್ನ ಮತ್ತೆ ಓದಿದ್ರೆ ನನಗೆ ಬೇರೆಯೇ ಕಾಣಸ್ತದ. ಸತ್ತವರು ಮದ್ದು ತಯಾರಿಸಿದವರಲ್ಲ. ಎತ್ತಿ ಇಳಿಸೋರು, ಗಾಡಿ ಜೊತೆ ಇದ್ದೋರು, ಕ್ರಷರ್‌ನಾಗ ದುಡಿಯೋರು.

ನಮ್ಮ ಜಿಲ್ಲೆಗೂ ಇದು ದೂರದ ಮಾತಲ್ಲ. ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಬಂಡೆ ಒಡೆಯೋದು ಮದ್ದಿನಿಂದಲೇ. ಜಿಲ್ಲೆ ತುಂಬಾ ಕಲ್ಲು ಕ್ವಾರಿ, ಜಲ್ಲಿ ಕ್ರಷರ್ ಅದಾವ. ಅಲ್ಲಿಗೆ ಹೋಗೋ ಮದ್ದು ಆಕಾಶದಿಂದ ಇಳಿಯಲ್ಲ. ನಾವು ಬಸ್ಸಿಗೆ ಕಾಯೋ ರಸ್ತೆಗಳಲ್ಲೇ, ಭತ್ತದ ಲಾರಿಗಳ ನಡುವೆಯೇ ಹೋಗ್ತದ. ಕಾಯ್ದೆ ಪ್ರಕಾರ ಒಯ್ಯೋರೂ ಇರ್ತಾರ. ಅವರ ಮೇಲೆ ನನ್ನ ದೂರಿಲ್ಲ. ಆದ್ರೆ ಅವರು ಹಾಕಿದ ಬೋರ್ಡನ್ನ ನಾವು ಓದಬಲ್ಲೆವಾ? ಇದು ನನ್ನ ಪ್ರಶ್ನೆ.

5/8

ಬಿಕಾಂನವರೇ, ಈ ಪೋಸ್ಟ್ ನಿಮಗೆ. ಬಿಸಿನೆಸ್ ಲಾ ಪೇಪರ್ ನೆನಪು ಮಾಡ್ಕೊಳ್ರಿ.

1872ರ ಭಾರತೀಯ ಕರಾರು ಕಾಯ್ದೆ, ಬೇಲ್‌ಮೆಂಟ್ ಪಾಠ, ಸೆಕ್ಷನ್ 150. ನಿಮ್ಮ ವಸ್ತುವನ್ನ ಇನ್ನೊಬ್ಬನ ಕೈಗೆ ಕೊಡುವಾಗ, ಅದರಾಗಿನ ದೋಷ ನಿಮಗೆ ಗೊತ್ತಿದ್ರೆ ಹೇಳಲೇಬೇಕು. ಕಾಯ್ದೆ ಕೊಡೋ ಉದಾಹರಣೆ ಒಂದು ತುಂಟ ಕುದುರೆಯದು. ಕುದುರೆ ಒದೆಯೋ ಜಾತಿ ಅಂತ ಗೊತ್ತಿದ್ದೂ ಹೇಳದೆ ಕೊಟ್ಟ, ಅದು ಓಡಿ ಹೋಯ್ತು, ಮೇಲೆ ಕೂತವನು ಬಿದ್ದು ಗಾಯ ಮಾಡ್ಕೊಂಡ. ಹೊಣೆ ಕೊಟ್ಟವನದು.

ಪರೀಕ್ಷೆಗೆ 5 ಮಾರ್ಕಿಗೆ ಬಾಯಿಪಾಠ ಮಾಡಿದ್ವಿ. ಈಗ ಕುದುರೆ ಜಾಗದಾಗ ಜಿಲೆಟಿನ್ ಪೆಟ್ಟಿಗೆ ಇಟ್ಟು ನೋಡ್ರಿ. ಕಳಿಸೋನು ಲಾರಿ ಮಾಲೀಕನಿಗೆ ಹೇಳಿದ, ಸರಿ. ಮಾಲೀಕ ಡ್ರೈವರ್‌ಗೆ ಹೇಳಿದ, ಸರಿ. ಆದ್ರೆ ಆ ಕುದುರೆ ಒದೆಯೋದು ಕರಾರು ಮಾಡ್ಕೊಂಡವರಿಗೆ ಮಾತ್ರ ಅಲ್ಲ. ಹಿಂದಿನ ಬೈಕಿನವನಿಗೆ, ಪಕ್ಕದ ಚಹಾದಂಗಡಿಯವಳಿಗೆ, ಕೂಲಿಗೆ ಬಂದ ಹುಡುಗನಿಗೆ. ಅವರ ಜೊತೆ ಯಾವ ಕರಾರೂ ಇಲ್ಲ. ಅವರಿಗೆ ಹೇಳೋದು ಯಾರು? ಗಾಡಿ ಮೇಲಿನ ಬೋರ್ಡ್. ಆ ಬೋರ್ಡೇ ಊರಿಗೆಲ್ಲಾ ಕೊಟ್ಟ ಸೆಕ್ಷನ್ 150.

ಇನ್ನೊಂದು ಲೆಕ್ಕ. ನಾವು ಕಲಿಯೋ ಕಾಗದಗಳೆಲ್ಲ ಸರಕನ್ನ ರೂಪಾಯಿಯಾಗ ಅಳೀತಾವ. ಇ-ವೇ ಬಿಲ್ ಬೇಕಾಗೋದು ಮಾಲಿನ ಬೆಲೆ 50,000 ರೂಪಾಯಿ ದಾಟಿದಾಗ. ಒಂದು ಲೋಡ್ ಸೀರೆಗೆ ಅದು ಬೇಕು. ಒಂದು ಪೆಟ್ಟಿಗೆ ಜಿಲೆಟಿನ್ ಬೆಲೆ ಆ ಗೆರೆಯ ಹತ್ತಿರಕ್ಕೂ ಬರಲ್ಲ. ಎಚ್‌ಎಸ್‌ಎನ್ ಕೋಡ್ ನೋಡಿದ್ರೆ ಸ್ಫೋಟಕಕ್ಕೆ 3602, ಡಿಟೋನೇಟರ್‌ಗೆ 3603, ಕಾಡತೂಸಿಗೆ 9306. ತೆರಿಗೆ ಹಾಕೋಕೆ ಅಷ್ಟು ಸಾಕು. ಸಿಡಿದ್ರೆ ಎಷ್ಟು ದೂರ ಓಡಬೇಕು ಅಂತ ಆ ಕೋಡ್ ಹೇಳಲ್ಲ.

ಬೆಲೆ ಹೇಳೋ ಕಾಗದ ಓದೋಕೆ ಮೂರು ವರ್ಷ ಕಲಿಸ್ತಾರ. ಅಪಾಯ ಹೇಳೋ ಚೀಟಿ ಓದೋಕೆ ಒಂದು ಪೀರಿಯಡ್ ಇಲ್ಲ. ಕಾಮರ್ಸ್ ಓದಿದ ನಾವೇ ನಾಳೆ ಟ್ರಾನ್ಸ್‌ಪೋರ್ಟ್ ಆಫೀಸಿನಾಗ ಬಿಲ್ ಬರೆಯೋರು, ನೆನಪಿರಲಿ.

6/8

"ನಮ್ಮ ದೇಶದಾಗ ನಿಯಮವೇ ಇಲ್ಲ" ಅನ್ನಬೇಡ್ರಿ. ಐತಿ. ಚೆನ್ನಾಗೇ ಐತಿ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989. 129ರಿಂದ 137ರವರೆಗೆ ಪೂರ್ತಿ ಅಪಾಯಕಾರಿ ಸರಕಿನ ಬಗ್ಗೆನೇ. ಕಳಿಸೋನು ಸರಕಿನ ಪೂರ್ತಿ ಮಾಹಿತಿ ಕೊಡಬೇಕು. ಸಾಗಿಸೋನು ಅದನ್ನ ಡ್ರೈವರ್‌ಗೆ ಮುಟ್ಟಿಸಬೇಕು. ಡ್ರೈವರ್ ಅದನ್ನ ಬರಹದಲ್ಲಿ, ಟ್ರೆಮ್ ಕಾರ್ಡ್ ಅಂತ, ಕ್ಯಾಬಿನ್‌ನಲ್ಲಿ ಇಟ್ಕೊಂಡಿರಬೇಕು. ಗಾಡಿಯ ಎರಡು ಬದಿಗೂ ಹಿಂದೆಯೂ, ಒಟ್ಟು ಮೂರು ಕಡೆ, ತುರ್ತು ಮಾಹಿತಿ ಫಲಕ ಇರಬೇಕು. ಅದರಾಗ ಸರಕಿನ ಹೆಸರು, ವಿಶ್ವಸಂಸ್ಥೆಯ ಸಂಖ್ಯೆ, ಕನಿಷ್ಠ 250 ಮಿ.ಮೀ. ಅಳತೆಯ ವರ್ಗ ಚಿಹ್ನೆ, ತುರ್ತು ಸೇವೆಯ ಫೋನ್, ಕಳಿಸಿದವನ ಅಥವಾ ವಿಷಯ ಗೊತ್ತಿರೋರ ಹೆಸರು, ಫೋನ್. ಇದರ ಮೇಲೆ ಸ್ಫೋಟಕ ನಿಯಮಗಳು 2008 ಬೇರೆ, ಅದರ ಲೈಸೆನ್ಸ್ ಬೇರೆ. ಕಾಡತೂಸಿಗಾದ್ರೆ 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಬರ್ತದ.

ಅಂದ್ರೆ ದೋಸ್ತನ ಪ್ರಶ್ನೆಗೆ ಉತ್ತರ: ಬೋರ್ಡ್ ಬೇಕಾ, ಯಾವುದು ಬೇಕು ಅಂತ ಕ್ಲೀನರ್ ತಲೆ ಕೆಡಿಸ್ಕೊಳ್ಳೋ ಹಂಗೇ ಇರಬಾರದು. ಕಳಿಸಿದವನ ಕಾಗದದಾಗ ಅದು ಮೊದಲೇ ಬರೆದು ಬಂದಿರಬೇಕು. ಅವನು ನನಗೆ ಮೆಸೇಜ್ ಹಾಕಬೇಕಾಯ್ತು ಅಂದ್ರೆ ಆ ಮಾತು ಅವನ ತನಕ ಬಂದಿಲ್ಲ.

ಈಗ ನನ್ನ ತಕರಾರು. ಇಂಥ ಗಾಡಿ ಓಡಿಸೋ ಡ್ರೈವರ್‌ಗೆ ಒಂದು ಭಾರತೀಯ ಭಾಷೆಯ ಜೊತೆ ಇಂಗ್ಲಿಷ್ ಓದೋಕೆ, ಬರೆಯೋಕೆ ಬರಬೇಕು ಅಂತ ಇದೇ ನಿಯಮಗಳ 9ನೇ ನಿಯಮ ಹೇಳ್ತದ. ವಿಶೇಷ ತರಬೇತಿಯೂ ಆಗಿರಬೇಕು. ಸರಿ, ಡ್ರೈವರ್ ಓದಬಲ್ಲ. ಆದ್ರೆ ಮಾಲು ಎತ್ತೋನು? ಗಾಡಿ ಪಲ್ಟಿ ಆದಾಗ ಮೊದಲು ಓಡಿ ಬರೋ ಊರಿನವರು? ಅವರಿಗೆ ಇಂಗ್ಲಿಷ್ ಬರಬೇಕು ಅಂತ ಯಾವ ನಿಯಮವೂ ಇಲ್ಲ. ನಾನು ನೋಡಿದ ಫಲಕಗಳ ಮೇಲೆ ಕನ್ನಡ ಒಂದಕ್ಷರ ಇಲ್ಲ.

ಮೊದಲ ಫೋಟೋಕ್ಕೆ ಸ್ವೈಪ್ ಮಾಡಿ ಹಿಂದೆ ಹೋಗ್ರಿ. ಅದು ಪೆಟ್ರೋಲ್ ಟ್ಯಾಂಕರ್ ಹಿಂದಿನ ಫಲಕ, 1203 ಅಂತ ಐತಿ. ಅದು ಗಾಡಿ ನಂಬರ್ ಅಲ್ಲ, ಪೆಟ್ರೋಲ್‌ಗೆ ಜಗತ್ತೆಲ್ಲಾ ಇರೋ ಸಂಖ್ಯೆ. ಅಡುಗೆ ಗ್ಯಾಸ್ ಟ್ಯಾಂಕರ್ ಮೇಲೆ 1075 ಇರ್ತದ. ಸಣ್ಣ ಬಂದೂಕಿನ ಕಾಡತೂಸಿಗೆ 0012. ಕ್ಲಾಸ್‌ನಾಗ 11 ಜನರನ್ನ ಕೇಳಿದೆ. ಎಲ್ಲರೂ ದಿನಾ ನೋಡ್ಯಾರ. ಒಬ್ಬರಿಗೂ ಗೊತ್ತಿರಲಿಲ್ಲ. ನಾನು ಹನ್ನೆರಡನೆಯವನು.

ಓದೋಕೆ ಬರದಿದ್ರೆ ಏನಾಗ್ತದ? 2017ರ ಜೂನ್ 25, ಪಾಕಿಸ್ತಾನದ ಅಹ್ಮದ್‌ಪುರ್ ಶರ್ಕಿಯಾ. ಪೆಟ್ರೋಲ್ ಟ್ಯಾಂಕರ್ ಮಗುಚಿತು. ಸುತ್ತಲ ಹಳ್ಳಿಯವರು ಡಬ್ಬಿ, ಬಕೆಟ್ ಹಿಡ್ಕೊಂಡು ತುಂಬ್ಕೊಳ್ಳೋಕೆ ಬಂದ್ರು. ಬೆಂಕಿ ಹತ್ತಿತು. 200ಕ್ಕೂ ಹೆಚ್ಚು ಜನ. ಬಡತನ ಅವರನ್ನ ಅಲ್ಲಿಗೆ ಕರ್ಕೊಂಡು ಬಂತು, ಒಪ್ತೀನಿ. ಆದ್ರೆ ನಮ್ಮ ಕಡೆ ಲಾರಿ ಪಲ್ಟಿ ಆದ್ರೆ ಜನ ಏನು ಮಾಡ್ತಾರ ಅಂತ ನೀವೇ ಹೇಳ್ರಿ.

7/8

ಇದನ್ನ ಮನೆಯಲ್ಲಿ, ಕ್ಲಾಸ್‌ನಲ್ಲಿ ಹೇಳಿದಾಗ ಎರಡು ಎದುರು ಮಾತು ಬಂದವು. ಎರಡೂ ಹಗುರ ಮಾತಲ್ಲ.

ಒಂದು: "ಬೋರ್ಡ್ ಹಾಕಿದ್ರೆ ಕಳ್ಳರಿಗೆ ಅಡ್ರೆಸ್ ಕೊಟ್ಟಂಗ ಆಗಲ್ಲೇನು?" ಕಾಡತೂಸಿನ ವಿಷಯದಾಗ ಈ ಮಾತಿಗೆ ತೂಕ ಐತಿ. ಸಿಡಿಯೋ ಅಪಾಯ ಸಣ್ಣದು, ಕಳ್ಳತನದ ಅಪಾಯ ದೊಡ್ಡದು. ಅದಕ್ಕೇ ಅಲ್ಲಿ ದೊಡ್ಡ ಬೋರ್ಡ್‌ಗಿಂತ ಬೀಗ, ಕಾಗದ, ಕಾವಲು ಮುಖ್ಯ ಅಂದ್ರೆ ಒಪ್ಪಬಹುದು. ಆದ್ರೆ ಪೆಟ್ಟಿಗೆ ಮೇಲಿನ ಚೀಟಿ ಮಾತ್ರ ಬೇಕೇ ಬೇಕು, ಎತ್ತೋನು ನೋಡೋದು ಅದನ್ನೇ. ಜಿಲೆಟಿನ್ ಲೋಡಿಗೆ ಈ ನೆಪ ನಡೆಯಲ್ಲ. ಅಲ್ಲಿ ಗೊತ್ತಿಲ್ಲದೆ ಪಕ್ಕದಲ್ಲಿ ನಿಂತವನ ಜೀವ ಹೋಗ್ತದ. ಕಳ್ಳರನ್ನ ತಡೆಯೋಕೆ ಕಾವಲು ಹಾಕ್ರಿ. ಊರಿನವರಿಂದ ಮುಚ್ಚಿಡಬೇಡ್ರಿ.

ಎರಡು: "ಅಕ್ರಮವಾಗಿ ಒಯ್ಯೋನು ಬೋರ್ಡ್ ಹಾಕ್ತಾನೇನು?" ಇದು ನಮ್ಮಪ್ಪನ ಪ್ರಶ್ನೆ. ಹಾಕಲ್ಲ. ತಾಡಪಾಲ ಹೊದಿಸಿದ ಮೇಲೆ ಭತ್ತವೋ ಮದ್ದೋ ಯಾರಿಗೂ ಕಾಣಲ್ಲ. ಈ ಪ್ರಶ್ನೆಗೆ ಎರಡು ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಹಿಂಗ ಅನಿಸ್ತದ. ಕದ್ದು ಒಯ್ಯೋನೂ ಒಬ್ಬನೇ ಒಯ್ಯೋಕೆ ಆಗಲ್ಲ. ಎತ್ತೋಕೆ ನಾಲ್ಕು ಕೈ ಬೇಕು. ಆ ಕೈಗಳು ನಮ್ಮಂಥವರವು, ದಿನಕ್ಕೆ ಇಷ್ಟು ಅಂತ ಕೂಲಿಗೆ ಹೋದವರವು. ಕಾರ್ಖಾನೆಯಿಂದ ಬಂದ ಪೆಟ್ಟಿಗೆ ಮೇಲೆ ಚೀಟಿ ಇದ್ದೇ ಇರ್ತದ. ಕಿತ್ತಳೆ ಚೌಕ, ಬಾಂಬ್ ಚಿತ್ರ, 1.1, ಡಿ ಅಂತ ಓದೋಕೆ ಬಂದ ಹುಡುಗ ಅದರ ಮೇಲೆ ಕೂತು ಬೀಡಿ ಹಚ್ಚಲ್ಲ. ಅದರ ಪಕ್ಕ ಕೇಪಿನ ಡಬ್ಬಿ ಇಡು ಅಂದ್ರೆ ಯಾಕೆ ಅಂತಾನ. ರಾತ್ರಿ ಹನ್ನೊಂದಕ್ಕೆ ಬಾ, ಡಬಲ್ ಕೂಲಿ ಅಂದ್ರೆ ಒಂದು ಸಲ ಯೋಚನೆ ಮಾಡ್ತಾನ. ಬೋರ್ಡ್ ಹಾಕೋದು ಬಿಡೋದು ಅವರ ಕೈಯಾಗ ಐತಿ. ಓದೋದು ಕಲಿಯೋದು ನಮ್ಮ ಕೈಯಾಗ ಐತಿ.

8/8

ಹಂಗಾದ್ರೆ ನಾನು ಕೇಳೋದು ಮೂರೇ.

ಒಂದು, ನಿಯಮ ಹೇಳಿದ ಫಲಕದ ಕೆಳಗೆ ಕನ್ನಡದಾಗ ಒಂದೇ ಒಂದು ಸಾಲು. "ಸ್ಫೋಟಕ. ಬೆಂಕಿ ಕಂಡರೆ ಹತ್ತಿರ ಬರಬೇಡಿ, ದೂರ ಓಡಿ." ಅಷ್ಟು ಸಾಕು. ಐದು ರಾಜ್ಯ ದಾಟಿ ಬರೋ ಲಾರಿಗೆ ಐದು ಭಾಷೆ ಹೆಂಗ ಅಂತೀರೇನು? ಅವರಿಗೆ ಚಿತ್ರ, ಸಂಖ್ಯೆ ಇರಲಿ. ಆದ್ರೆ ಇಲ್ಲಿನ ಗೋದಾಮಿನಿಂದ ಇಲ್ಲಿನ ಕ್ವಾರಿಗೆ ಓಡಾಡೋ ವ್ಯಾನ್‌ಗೆ ಕನ್ನಡ ಸಾಲು ಬರೆಸೋಕೆ ಒಬ್ಬ ಪೇಂಟರ್ ಸಾಕು.

ಎರಡು, ಡ್ರೈವಿಂಗ್ ಲೈಸೆನ್ಸ್‌ಗೆ ಓದುವಾಗ ಎಲ್ಲರಿಗೂ ಈ ಚಿಹ್ನೆಗಳನ್ನ ಸರಿಯಾಗಿ ಕಲಿಸಲಿ. ‘ಹಾರ್ನ್ ಮಾಡಬೇಡಿ’ ಚಿಹ್ನೆ ಬಾಯಿಪಾಠ ಐತಿ. ‘ಹತ್ತಿರ ಬರಬೇಡಿ’ ಚಿಹ್ನೆ ಗೊತ್ತಿಲ್ಲ.

ಮೂರು, ಇದು ನಿಮಗೆ. ಈ ವಾರ ರಾಯಚೂರಿಗೆ ಬಸ್ಸಿನಾಗ ಹೋಗುವಾಗ ರೀಲ್ಸ್ ಬಿಟ್ಟು ಹತ್ತು ನಿಮಿಷ ಕಿಟಕಿಯಿಂದ ನೋಡ್ರಿ. ಒಂದು ಟ್ಯಾಂಕರ್ ಹುಡುಕ್ರಿ. ನಾಲ್ಕು ಅಂಕಿಯ ಸಂಖ್ಯೆ ಓದ್ರಿ, ಏನಂತ ಹೇಳ್ರಿ. ಅಣ್ಣನೋ ಮಾವನೋ ಲಾರಿ, ಕ್ರಷರ್ ಕೆಲಸದಾಗಿದ್ರೆ ಎರಡನೇ ಪೋಸ್ಟ್ ಅವರಿಗೆ ಕಳಿಸ್ರಿ. ಓದೋಕೆ ಬರದವರಿಗೆ ಚಿತ್ರ ತೋರಿಸಿ ಹೇಳ್ರಿ.

ನೆನಪಿಟ್ಕೊಳ್ಳೋಕೆ:

ಕಿತ್ತಳೆ ಚೌಕ + ಬಾಂಬ್ ಚಿತ್ರ + ಬೆಂಕಿ ಅಥವಾ ಹೊಗೆ = ವಿಡಿಯೋ ಬೇಡ, ಓಡು. ಒಂದೂವರೆ ಕಿಲೋಮೀಟರ್‌ಗಿಂತ ಹೆಚ್ಚು.
ಕಿತ್ತಳೆ ಚೌಕ + 1.4 + ಎಸ್ = ಹೆದರಬೇಡ, ಆದ್ರೂ ಬೆಂಕಿ ಹತ್ತಿರ ಒಯ್ಯಬೇಡ, ಎಸೀಬೇಡ. ಸಿಡೀತಿದ್ರೆ ದೂರ ನಿಲ್ಲು.
ಚೀಟಿ ಹರಿದ ಅಥವಾ ಮಸಿ ಬಳಿದ ಪೆಟ್ಟಿಗೆ = ಎತ್ತಬೇಡ, ಮೊದಲು ಕೇಳು.
ಯಾವುದೇ ಆಗಲಿ, ಮೊದಲ ಫೋನ್ 112ಕ್ಕೆ. ಫಲಕದ ಮೇಲಿನ ಸಂಖ್ಯೆ ದೂರದಿಂದ ಕಂಡರೆ ಅದನ್ನೂ ಹೇಳು. ಆ ನಾಲ್ಕು ಅಂಕಿ ಕೇಳಿದ್ರೆ ಏನು ತರಬೇಕು ಅಂತ ಬರೋರಿಗೆ ಗೊತ್ತಾಗ್ತದ.

ಇಷ್ಟನ್ನೂ ದೋಸ್ತನಿಗೆ ಫೋನ್ ಮಾಡಿ ಹೇಳಿದೆ. ಎಲ್ಲಾ ಕೇಳಿ ಅವನು ಅಂದ: "ಹಂಗಾರ ಹೋದ ವರ್ಷ ಕ್ರಷರ್‌ಗೆ ಇಳಿಸಿದ್ವಲ್ಲ, ಅದರ ಮ್ಯಾಲೆ ಬಾಂಬ್ ಚಿತ್ರ ಇತ್ತು. ನಾನು ಕಂಪನಿ ಮಾರ್ಕ್ ಅಂತ ತಿಳ್ಕೊಂಡಿದ್ದೆ."

ಅದಕ್ಕೇ ಇಷ್ಟುದ್ದ ಬರೆದೆ. ಸೇವ್ ಮಾಡ್ಕೊಳ್ರಿ. ನೀವು ನೋಡಿದ ಸಂಖ್ಯೆ ಕಾಮೆಂಟ್‌ನಾಗ ಹಾಕ್ರಿ, ಏನಂತ ಸೇರಿ ಹುಡುಕೋಣ.

#ಹಿರೇಕೊಟ್ನೆಕಲ್ #ಮಾನ್ವಿ #ರಾಯಚೂರು #ಬಿಕಾಂಹುಡುಗರು #ಬೋರ್ಡ್ಓದ್ರಿ